ಪಕ್ಕದ ಕೊಕ್ಕೆಯ ಗುಂಡು

ಹೆಣ್ಣು ನೋಡಲು ಬಂದವರು ಈಗ ಜಾತಕ ಕೇಳುವುದಿಲ್ಲ, ಮನೆಯ ಕೊಕ್ಕೆಗೆ ನೇತುಹಾಕಿದ ತೂಗುಗುಂಡು ನೋಡುತ್ತಾರೆ. ಮನೆಮಂದಿಯ ಮನಸ್ಸು ಕಲಕಿದರೆ ಅದು ತೂಗುತ್ತದೆ. ಎರಡೂ ಕಡೆಯವರು ಒಂದೊಂದು ಚುಚ್ಚುಮಾತು ಆಡಿ, ಗುಂಡು ಮತ್ತೆ ನಿಲ್ಲುವುದೋ ಇಲ್ಲವೋ ಎಂದು ಕಾಯುವುದು ಪದ್ಧತಿ.

"ಹುಡುಗಿ ಎತ್ತರ ಸಾಲ್ದು," ಎಂದರು ಹುಡುಗನ ತಾಯಿ ಪದ್ಮಾಕ್ಷಮ್ಮ. ಹುಡುಗಿಯ ಮನೆಯ ಗುಂಡು ಜೋರಾಗಿಯೇ ತೂಗಿತು; ಕಾಫಿ ಆರುವ ಮೊದಲೇ ನಿಂತಿತು.

ಪದ್ಮಾಕ್ಷಮ್ಮ ತಮ್ಮ ಮನೆಯಿಂದ ತಂದಿದ್ದ ಗುಂಡನ್ನು ಪಕ್ಕದ ಕೊಕ್ಕೆಗೆ ನೇತುಹಾಕಿದರು. ಹುಡುಗಿಯ ತಂದೆ ಸಂಕೋಚದಿಂದ, "ನೀವು ಸ್ವಲ್ಪ ತಡವಾಗಿ ಬಂದ್ರಿ," ಎಂದಷ್ಟೇ ಅಂದರು.

ಗುಂಡು ಕೂದಲೆಳೆಯಷ್ಟು ಅಲುಗಿತು.

"ಬೇಗ ಹೊರಡು ಅಂತ ಬಡ್ಕೊಂಡೆ," ಎಂದು ಮಗ ದಿವಾಕರ ಗೊಣಗಿದ.

"ಕನ್ನಡಿ ಮುಂದೆ ನಿಂತಿದ್ದೋನು ನೀನು!" ಎಂದರು ತಾಯಿ.

"ಎಲ್ಲಾದಕ್ಕೂ ನಾನೇ. ಅಪ್ಪ ಸುಮ್ನೆ ಮನೆ ಬಿಟ್ಟು ಹೋದ್ರಾ?"

ಗುಂಡು ಗೋಡೆಗೆ ಬಡಿದು ಸುಣ್ಣ ಉದುರಿತು.

ಹುಡುಗಿ ಚಂಪಾ ಮೆಲ್ಲಗೆ ಎದ್ದು ಕಿಟಕಿ ಮುಚ್ಚಿದಳು. "ಇವತ್ತು ಗಾಳಿ ಜಾಸ್ತಿ, ಅಲ್ವಾ ಆಂಟಿ?"

"ಹೌದಮ್ಮ, ಗಾಳಿ," ಎಂದರು ಪದ್ಮಾಕ್ಷಮ್ಮ. ತಲೆ ಎತ್ತಲು ಆಗಲಿಲ್ಲ. ಅದೇ ಗಾಳಿಯಲ್ಲಿ ಚಂಪಾಳ ಮನೆಯ ಗುಂಡು ಕದಲದೆ ನಿಂತಿತ್ತು.