ಅವ್ವ ಒರೆಸಿದ ವಾರ್ಡು

ಡಾಕ್ಟರ ಕೈ ನಡುಗಬಹುದಿತ್ತು. ಗಂಟಲಗಡ್ಡೆಯ ಬದಲು ನಾಲಿಗೆಯನ್ನೇ ಕತ್ತರಿಸಬಹುದಿತ್ತು. ಮತ್ತಿನ ಔಷಧಿ ಹೆಚ್ಚಾಗಿ ನಾನು ಏಳದೇ ಇರಬಹುದಿತ್ತು; ಎದ್ದರೂ ಅವ್ವ ಇಲ್ಲದಿರಬಹುದಿತ್ತು. ಮೂರನೇ ಕ್ಲಾಸಿಗೇ ನಾನು ಇಷ್ಟೆಲ್ಲ ಚಿಂತಿಸಿ ಮುಗಿಸಿದ್ದೆ. ಈಗಲೂ ಬಚ್ಚಲಿಗೆ ಫಿನಾಯಿಲ್ ಸುರಿದರೆ ಎಪ್ಪತ್ತರ ದಶಕದ ಆ ಬಳ್ಳಾರಿ ದವಾಖಾನೆ ನೆನಪಾಗುತ್ತದೆ.

ಮಕ್ಕಳ ವಾರ್ಡಿನ ಹಾಸಿಗೆಗೆ ಉಚ್ಚೆಯ ನಾತ, ಹಾಲಿನ ಲೋಟಕ್ಕೂ ಅದೇ ನಾತ. ಗೋಡೆಗೆ ಯಾರದೋ ಸಿಂಬಳ ಒಣಗಿತ್ತು. ಭೇಟಿಯ ಹೊತ್ತು ಮುಗಿದರೆ ತಾಯಂದಿರನ್ನೂ ಹೊರಗೆ ಹಾಕುತ್ತಿದ್ದರು. ಆಪರೇಷನ್ ಮುಗಿದು ನಾನಿನ್ನೂ ಮತ್ತಿನಲ್ಲಿದ್ದೆ.

“ಸಿರಿಗೇರಿಯಿಂದ ಬಂದೀನಿ ಯಕ್ಕಾ. ಹುಡುಗ ಎದ್ದ ಕೂಡ್ಲೇ ನನ್ನ ಹುಡುಕ್ತಾನ,” ಎಂದು ಅವ್ವ ಆಯಾಗೆ ಕೈಮುಗಿದಳು.

“ಸುಮ್ನ ಕುಂದ್ರಾಕ ಬಿಡಂಗಿಲ್ಲ. ನೆಲ ಒರಸೂತನಕ ಇರು,” ಎಂದು ಆಯಾ ಬಕೆಟ್ಟನ್ನು ಕಾಲಲ್ಲೇ ತಳ್ಳಿದಳು.

ಅವ್ವ ಸೆರಗು ಬಿಗಿದು ಕಂಡವರ ಮಕ್ಕಳ ವಾಂತಿಯನ್ನೆಲ್ಲ ಬಳಿದಳು. ನನಗೆ ಎಚ್ಚರಾದಾಗ ಒರೆಸುವುದು ಮುಗಿದಿತ್ತು. ಅವಳನ್ನು ಕಳಿಸಲು ಆಯಾ ಬಾಗಿಲಲ್ಲೇ ನಿಂತಿದ್ದಳು. ಅವ್ವ ಫಿನಾಯಿಲಿನ ಕೈಯಿಂದಲೇ ನನ್ನ ಕೆನ್ನೆ ಸವರಿದಳು.

ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆ ಫಿನಾಯಿಲ್ ನಾತಕ್ಕೆ, ಅವಳು ಆಗಷ್ಟೇ ಒರೆಸಿದ ನೆಲದ ಮೇಲೆ ವಾಂತಿ ಮಾಡಿಕೊಂಡೆ, ಅಷ್ಟೇ.

ಆಯಾ ಬಾಯಿ ತೆರೆಯುವ ಮೊದಲೇ ಅವ್ವ ಬಕೆಟ್ಟು ಎಳೆದುಕೊಂಡಳು.

“ಬೈಬ್ಯಾಡ ಯಕ್ಕಾ. ಪೂರಾ ವಾರ್ಡು ಇನ್ನೊಮ್ಮಿ ಒರಸ್ತೀನಿ. ಸಾವಕಾಶ ಒರಸ್ತೀನಿ.”