ಬಿಚ್ಚಿದ ಜಡೆ

ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಇಳಕಲ್ಲಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ತಗಡಿನ ಥಿಯೇಟರಿಗೆ ಮಧ್ಯಾಹ್ನದ ಆಟಕ್ಕೆ ಇಷ್ಟು ಜನ ಬಂದಾರೆಂದು ಅನುರಾಧಾ ಅಂದುಕೊಂಡಿರಲಿಲ್ಲ. ಅದು ಅವಳು ಬರೆದ ಮೊದಲ ನಾಟಕ. ಈ ಭಾನುವಾರವೂ ಜನ ಬಾರದಿದ್ದರೆ ಹಳೆಯ ಹಾಸ್ಯ ನಾಟಕವನ್ನೇ ಹಚ್ಚುವುದಾಗಿ ಮಾಲೀಕ ರಾಚಪ್ಪ ಹೇಳಿಬಿಟ್ಟಿದ್ದ.

"ವನ್ಸ್ ಮೋರ್," ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮೊಬೈಲು ಎತ್ತಿ ಹಿಡಿದಿದ್ದವರೂ ದನಿ ಕೂಡಿಸಿದರು.

ಅನುರಾಧಾ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದಳು. ಜನ ಮತ್ತೆ ಕೇಳುತ್ತಿದ್ದ ಆ ದೃಶ್ಯ ಕಂಪನಿಯ ಹಿರಿಯ ನಟಿ ರಂಜಾನಬಿಯ ಬದುಕಿನದೇ. ಹೆರಿಗೆಗೆ ಹೋದ ಮಗಳು ಸಾಯಿಮಾ ಹೆಣವಾಗಿ ಮನೆಗೆ ಬಂದಾಗ, ಮೈ ತೊಳೆಯುವ ಮೊದಲು ಅವಳ ಜಡೆ ಬಿಚ್ಚಿದ್ದನ್ನು ಆಕೆ ಒಮ್ಮೆ ಬಣ್ಣದ ಕೋಣೆಯಲ್ಲಿ ಹೇಳಿಕೊಂಡಿದ್ದಳು. ಆಕೆಯ ಒಪ್ಪಿಗೆ ಕೇಳಿಯೇ ಅನುರಾಧಾ ಬರೆದದ್ದು. ತಾಯಿಯ ಪಾತ್ರವನ್ನು ಬೇಕೆಂತಲೇ ಬೇರೊಬ್ಬ ನಟಿಗೆ ಕೊಡಿಸಿದ್ದಳು. ಆ ನಟಿ ಇವತ್ತು ಜ್ವರ ಬಂದು ಮಲಗಿದ್ದಳು. ಮಾತುಗಳೆಲ್ಲ ಬಾಯಿಗೆ ಬರುತ್ತಿದ್ದುದು ರಂಜಾನಬಿಗೆ ಮಾತ್ರ. "ಒಂದ ಸಲ ಮಾಡ್ತೇನ್ರಿ ಮೇಡಂ. ಜನ ವನ್ಸ್ ಮೋರ್ ಅಂದ್ರ ನೀವು ತಡೀಬೇಕು ನೋಡ್ರಿ," ಎಂದು ಬಣ್ಣ ಹಚ್ಚಿಕೊಳ್ಳುವಾಗ ಕೇಳಿದ್ದಳು. ಅನುರಾಧಾ ಕೈ ಹಿಡಿದು ಮಾತು ಕೊಟ್ಟಿದ್ದಳು.

ರಾಚಪ್ಪ ಪರದೆಯ ಹಗ್ಗ ಹಿಡಿದು ನಿಂತಿದ್ದ. ಮುಖ ಅರಳಿತ್ತು. "ಗೆದ್ರಿ ಮೇಡಂ. ಇನ್ನ ಹುನಗುಂದ, ಬದಾಮಿ, ಎಲ್ಲಾ ಕಡೆ ಇದೇ ನಾಟಕ."

"ಮತ್ತೊಮ್ಮೆ ಬ್ಯಾಡ್ರಿ ಕಾಕಾ. ಆಕಿಗೆ ಮಾತು ಕೊಟ್ಟೇನಿ."

"ಜನ ಕೇಳಿದ್ದಕ್ಕ ಇಲ್ಲ ಅಂದು ಉಳದ ಕಂಪನಿ ಎಲ್ಲೆರ ನೋಡೀರೇನು?"

ಹೊರಗಿನವರು ಕೇಳುತ್ತಿರುವುದು ತಾನು ಬರೆದ ಮಾತುಗಳನ್ನು ಎಂಬುದು ಅನುರಾಧಾಳಿಗೆ ಒಂದು ಕ್ಷಣ ಹಿತವಾಯಿತು. ಹಿತವಾದದ್ದಕ್ಕೇ ಹೆದರಿಕೆಯೂ ಆಯಿತು. ರಂಗದ ಕಡೆ ತಿರುಗಿದಳು.

ರಂಜಾನಬಿ ಇನ್ನೂ ಎದ್ದಿರಲಿಲ್ಲ. ಸತ್ತ ಮಗಳಾಗಿ ಮಲಗಿದ್ದ ರಾಜಶ್ರೀ ಏಳಹೋದರೆ ಭುಜ ಅದುಮಿ ಮಲಗಿಸಿದಳು. ಮತ್ತೆ ಬಿಚ್ಚಬೇಕಾದರೆ ಮೊದಲು ಹೆಣೆಯಬೇಕು. ಕೂದಲನ್ನು ಬೆರಳಿನಲ್ಲೇ ಮೂರು ಪಾಲು ಮಾಡಿ, ಕಿವಿಯ ಹಿಂದಿನ ಎಳೆ ಜಗ್ಗದಂತೆ ನೋಡಿಕೊಳ್ಳುತ್ತ, ಶಾಲೆಗೆ ಹೊರಟ ಹುಡುಗಿಗೆ ಹಾಕುವ ಹಾಗೆ ಜಡೆ ಹಾಕತೊಡಗಿದಳು. ಮುಖದ ಬಣ್ಣ ಕರಗಿ ಗದ್ದಕ್ಕೆ ಇಳಿದಿತ್ತು.

"ಮೇಡಂ, ರಿಬ್ಬನ್ ಅಲ್ಲೆ ಎಲ್ಲೆರ ಬಿದ್ದೈತೇನು ನೋಡ್ರಿ," ಅಂದಳು, ತಲೆ ಎತ್ತದೆ.

"ನೀವು ಒಂದ ಸಲ ಅಂದಿದ್ರಿ."

"ಜನ ಕುಂತಾರಲ್ರಿ."

ಕೆಂಪು ರಿಬ್ಬನ್ ಅನುರಾಧಾಳ ಮುಂದೆಯೇ ಬಿದ್ದಿತ್ತು. ಅವಳು ಅದರ ಮೇಲೆ ಕಾಲಿಟ್ಟು ನಿಂತಳು. ರಿಬ್ಬನ್ ಸಿಗದಿದ್ದರೆ ಜಡೆ ನಿಲ್ಲುವುದಿಲ್ಲ, ಜಡೆ ಇಲ್ಲದೆ ಪರದೆ ಏಳುವುದಿಲ್ಲ.

"ಇಲ್ಲೆಲ್ಲೂ ಇಲ್ರಿ," ಅಂದಳು.

ರಂಜಾನಬಿ ಹುಡುಗಿಯ ಜಡೆಯ ತುದಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದರಿಂದ ತನ್ನ ತುರುಬಿಗೆ ಕಟ್ಟಿದ್ದ ಕರಿದಾರ ಬಿಚ್ಚಿಕೊಂಡಳು. ನರೆಗೂದಲು ಬೆನ್ನ ಮೇಲೆ ಹರಡಿತು. ದಾರ ಸುತ್ತಿ, ಗಂಟು ಹಾಕಿ, ರಾಚಪ್ಪನಿಗೆ ಕೈ ಮಾಡಿದಳು.

ಪರದೆ ಎದ್ದಿತು. ಅನುರಾಧಾ ರಿಬ್ಬನ್ ಮೇಲಿನ ಕಾಲು ತೆಗೆಯಲಿಲ್ಲ.