ಕೀಲಿ ಹಾಕಿದ ಊರು

ಬೆಳಿಗ್ಗೆ ಎಂಟೂಕಾಲಿಗೆ ಹುಲಗೆಮ್ಮ ರಾಯಚೂರಿನ ಪೂರ್ಣಶ್ರೀಯ ಮನೆಗೆ ಬಂದು, ಮಗನ ಮೊಬೈಲನ್ನು ಆಕೆಯ ಮುಖದ ಮುಂದೆ ಹಿಡಿದಳು.

"ಈ ಫೋಟೋ ಹಾಕಿದಾಕಿ ನೀವೇನ್ರಿ?"

ಹೌದು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪೂರ್ಣಶ್ರೀ ಬಿಡುವು ಸಿಕ್ಕಾಗ ಸ್ಕೂಟರ್ ಹತ್ತಿ ಊರೂರು ಸುತ್ತಿ, ವಾರಕ್ಕೊಂದು ಚಿತ್ರವನ್ನು ಹಿನ್ನೆಲೆ ಸಮೇತ ಫೇಸ್‌ಬುಕ್ಕಿಗೆ ಹಾಕುತ್ತಿದ್ದಳು. ಈ ವಾರದ್ದು ದೇವದುರ್ಗ ತಾಲೂಕಿನ ಕಟ್ಟಿಹಾಳ, ಹುಲಗೆಮ್ಮನ ಊರು. ಊರ ಮುಂದಿನ ಕಲ್ಲಿನ ಅಗಸೆ ಬಾಗಿಲು, ಅದರಾಚೆ ಸಾಲಾಗಿ ಕೀಲಿ ಜಡಿದ ಮನೆಗಳು, ಬೀದಿಯಲ್ಲಿ ಒಂಟಿ ನಾಯಿ. ಅಗಸೆ ಯಾವ ಕಾಲದ್ದು, ಕಲ್ಲು ಯಾವ ಗುಡ್ಡದ್ದು ಎಂದೆಲ್ಲ ಪುಸ್ತಕಗಳಲ್ಲಿ ಹುಡುಕಿ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದಳು: 'ಕೂಲಿ ಹುಡುಕಿಕೊಂಡು ಊರಿಗೆ ಊರೇ ಗುಳೆ ಹೋಗಿದೆ.'

"ಇದು ಮಲ್ಲಟ ಊರಿನ ತನಕ ಹೋಗ್ಯದರಿ" ಎಂದಳು ಹುಲಗೆಮ್ಮ. "ನನ್ನ ಮಗ ಅಂಜಿನೇಯಗ ಅಲ್ಲೇ ಹುಡುಗಿ ನೋಡೀವಿ. ಆಷಾಢ ಮುಗೀಲಿ, ಮಾತು ಮುಗಿಸೂಣು ಅಂತ ಕುಂತಿದ್ವಿ. ಈಗ ಅವರು ಹಾಳೂರಿಗೆ ಹುಡುಗಿ ಕೊಡಂಗಿಲ್ಲ ಅನ್ನಾಕತ್ತಾರ."

"ಊರಾಗ ಒಬ್ರೂ ಇರಲಿಲ್ಲಲ್ರೀ. ಕೇಳೋಣಂದ್ರ ಒಂದು ಬಾಗಲಾನೂ ತೆರೆದಿರಲಿಲ್ಲ."

"ಎಂದು ಬಂದಿದ್ರಿ?"

"ಮಂಗಳವಾರ."

"ಆಷಾಢದ ಮಂಗಳವಾರ ಊರಮ್ಮನ ವಾರ ರೀ. ಊರೊಳಗ ಒಲಿ ಹಚ್ಚಂಗಿಲ್ಲ. ಬುಟ್ಟಿ ಹೊತ್ಕೊಂಡು ಊರೆಲ್ಲಾ ಹೊಲಕ್ಕ ಹೋಗಿ, ಅಲ್ಲೇ ಅಡಿಗಿ ಮಾಡಿ ಉಂಡು, ಹೊತ್ತು ಮುಣುಗಿದ ಮ್ಯಾಲ ಮನಿಗೆ ಬರ್ತೀವಿ. ನೀವು ನಾಯಿ ಫೋಟೋ ಹೊಡಿಯಾಕತ್ತಾಗ ನಾ ಹೊಲ್ದಾಗ ಹೋಳಿಗಿ ಮಾಡಾಕತ್ತಿದ್ದೆ. ಇದನ್ನ ಮಲ್ಲಟದವರಿಗೆ ಹೇಳಿದ್ರ, ನಮ್ಮೂರಾಗ ಅಂಥ ವಾರ ಇಲ್ಲ ಅಂತಾರ."

ಪೂರ್ಣಶ್ರೀ ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ತಪ್ಪು ನಂದು. ಇವತ್ತೇ ತಿದ್ದಿ ಬರೀತೀನಿ."

"ಬರದದ್ದು ಯಾರು ಓದ್ತಾರ್ರಿ? ಮಂದಿ ನೋಡೋದು ಚಿತ್ರ. ಗುರುವಾರ ಮುಂಜಾನಿ ಬಂದು ಇನ್ನೊಂದು ಹೊಡೀರಿ. ಊರು ನಾ ತುಂಬಸ್ತೀನಿ."

ಹೇಳಿದಂತೆ ತುಂಬಿಸಿದ್ದಳು. ಗುರುವಾರ ಪೂರ್ಣಶ್ರೀ ಬರುವಷ್ಟರಲ್ಲಿ ಅಗಸೆಯ ಮುಂದೆ ಹೆಂಗಸರು ಪೆಟ್ಟಿಗೆಯಿಂದ ತೆಗೆದ ರೇಷ್ಮೆ ಸೀರೆಯಲ್ಲಿ ನಿಂತಿದ್ದರು. ಎತ್ತುಗಳ ಕೊಂಬಿಗೆ ಬಣ್ಣ ಬಿದ್ದಿತ್ತು. ನಟ್ಟನಡುವೆ ಹೊಸ ಟ್ರ್ಯಾಕ್ಟರ್ ಒಂದಿತ್ತು. ಎಲ್ಲರೂ ಆಧಾರ್ ಕಾರ್ಡಿನ ಫೋಟೋಗೆ ನಿಂತವರ ಹಾಗೆ ಉಸಿರು ಬಿಗಿಹಿಡಿದಿದ್ದರು.

"ಟ್ರ್ಯಾಕ್ಟರ್ ಯಾರದ್ರೀ?" ಪೂರ್ಣಶ್ರೀ ಕೇಳಿದಳು.

"ನಮ್ದು ಅಂತ ಬರೀರಿ."

"ಯಾರದು?"

ಹುಲಗೆಮ್ಮ ಸೆರಗು ಸರಿ ಮಾಡಿಕೊಂಡಳು. "ಹುಸೇನಪ್ಪಂದು."

"ಹಂಗಾದ್ರ ಹುಸೇನಪ್ಪಂದು ಅಂತ ಬರೀತೀನಿ. ಒಮ್ಮೆ ತಪ್ಪು ಬರದದ್ದು ಸಾಕಾಗೇದ."

ಪರರ ಹೆಸರಿನ ಟ್ರ್ಯಾಕ್ಟರ್ ಇದ್ದರೆಷ್ಟು, ಬಿಟ್ಟರೆಷ್ಟು? ಹುಲಗೆಮ್ಮ ಅದನ್ನು ಪಕ್ಕಕ್ಕೆ ಸರಿಸಲು ಹೇಳಿದಳು. ಇದು ಹುಸೇನಪ್ಪನ ಹೆಂಡತಿ ರೇಣುಕಮ್ಮನಿಗೆ ನಾಟಿತು.

"ನಮ್ಮ ಗಾಡಿ ಬ್ಯಾಡಾದ್ರ ನಾವ್ಯಾಕ ಬೇಕು? ನಡೀರೆಬೇ, ಮನಿಗೆ ಹೋಗೂಣು."

ನಾಲ್ಕು ಹೆಂಗಸರು ಅವಳ ಹಿಂದೆ ಹೊರಟರು. ಹುಲಗೆಮ್ಮ ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದನ್ನು ಆಕಾಶಕ್ಕೆತ್ತಿ ಶುರು ಮಾಡಿದಳು. "ಲೇ ರೇಣುಕಾ, ನಿನ್ನ ಬಸುರಿ ಮಗಳ ಕುಬಸಕ್ಕ ಮೂರು ದಿನ ರೊಟ್ಟಿ ಬಡದೀನಿ, ಅವಾಗ ನನ್ನ ಕೈ ಬೇಕಾಗಿತ್ತೇನು?" ಗಂಡಸರು ನಗತೊಡಗಿದರು. ಎತ್ತೊಂದು ಬೆದರಿ ಹಿಂದೆ ಸರಿಯಿತು. ಹೋಗುತ್ತಿದ್ದ ರೇಣುಕಮ್ಮ ತಿರುಗಿ ನಿಂತು ಉತ್ತರ ಕೊಡುವಾಗ ಅವಳಿಗೂ ನಗು ತಡೆಯಲಾಗಲಿಲ್ಲ. ಪೂರ್ಣಶ್ರೀ ಆಗ ಕ್ಯಾಮೆರಾ ಒತ್ತಿದಳು.

ಚಿತ್ರ ಸಂಜೆಗೆ ಬಂತು. ಕೆಳಗೆ ಬರೆದಿತ್ತು: 'ಕಟ್ಟಿಹಾಳ, ಗುರುವಾರ ಬೆಳಿಗ್ಗೆ. ಹಿಂದಿನ ಚಿತ್ರ ತೆಗೆದದ್ದು ಊರಮ್ಮನ ವಾರದಂದು, ಊರೆಲ್ಲ ಹೊಲದಲ್ಲಿತ್ತು. ಗುಳೆ ಎಂದು ಬರೆದದ್ದು ನನ್ನ ತಪ್ಪು. ನಡುವೆ ಕೈ ಎತ್ತಿರುವವರು ಹುಲಗೆಮ್ಮ. ಎಡಕ್ಕಿರುವ ಟ್ರ್ಯಾಕ್ಟರ್ ಹುಸೇನಪ್ಪ ಅವರದು.'

ಹುಲಗೆಮ್ಮ ಮಗನ ಮೊಬೈಲಿನಲ್ಲಿ ಅದನ್ನು ನೋಡಿದಳು. ಬೀಗರಾಗುವವರು ನೋಡುವುದು ಇದನ್ನೇ. ಬಾಯಿ ತೆರೆದು, ಕೈ ಎತ್ತಿ, ಊರನ್ನೇ ನುಂಗುವಂತೆ ನಿಂತ ಅತ್ತೆ! ತಕ್ಷಣ ಪೂರ್ಣಶ್ರೀಗೆ ಫೋನ್ ಹಚ್ಚಿಸಿದಳು.

"ತೆಗೀರಿ ಅದನ್ನ. ಇಂಥಾಕಿ ಮನಿಗೆ ಯಾರು ಹೆಣ್ಣು ಕೊಡ್ತಾರ?"

"ಅದರಾಗ ಸುಳ್ಳು ಏನರ ಇದ್ರ ಹೇಳ್ರಿ, ಈಗಲೇ ತೆಗೀತೀನಿ."

ಹುಲಗೆಮ್ಮ ಚಿತ್ರವನ್ನು ದೊಡ್ಡದು ಮಾಡಿಸಿ, ಮೂಲೆ ಮೂಲೆ ಹುಡುಕಿದಳು. ಒಂದು ಸುಳ್ಳೂ ಸಿಗಲಿಲ್ಲ.

ಭಾನುವಾರ ಮಲ್ಲಟದಿಂದ ಹುಡುಗಿಯ ಅಪ್ಪ, ಸೋದರಮಾವ, ಅಜ್ಜಿ ಅಯ್ಯಮ್ಮ ಹೇಳದೆ ಕೇಳದೆ ಬಂದಿಳಿದರು. ಮುದುಕಿ ಚಾಪೆಯ ಮೇಲೆ ಕೂತವಳೇ, "ಆ ಫೋಟೋದಾಗ ಬೈಯಾಕತ್ತಿದ್ದಾಕಿ ಎಲ್ಲಿ?" ಎಂದಳು.

ಹುಲಗೆಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಮುಂದೆ ಬಂದಳು. "ನಾನೇ ಯವ್ವಾ."

ಅಯ್ಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ತನ್ನ ಮಗ, ಹುಡುಗಿಯ ಅಪ್ಪನ ಕಡೆ ತಿರುಗಿದಳು. "ಬೈದ್ರ ನಕ್ಕೊಂತ ನಿಂದ್ರೋ ಮಂದಿ ಅದಾರಲ್ಲೋ ಇಲ್ಲಿ. ಹಾಳೂರು ಅಂತ ನಿನಗ್ಯಾರು ಹೇಳಿದ್ದು?"

ಮಾತು ಗಟ್ಟಿಯಾಗುವ ತನಕ ಗಂಡಿನ ಮನೆಯಲ್ಲಿ ಉಣ್ಣುವ ಪದ್ಧತಿ ಆ ಮನೆತನದವರಿಗೆ ಇಲ್ಲ. ಆ ಮಧ್ಯಾಹ್ನ ಮೂವರೂ ಉಂಡು ಹೋದರು.